ಪರದೇಶದಲ್ಲಿರುವ ಮಗನ ವಿಳಾಸ ಮನೆಯಲ್ಲಿದೆಯೇ?

ಕೆಲವು ತಿಂಗಳ ಹಿಂದೆ ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದಾಗ ಬಾಗಲವಾಡದ ಹಿರಿಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಕೈಯಲ್ಲಿ ಮೊಬೈಲ್ ಹಿಡಿದಿದ್ದರು.

"ಮಗ ಹನ್ನೆರಡು ದಿನದಿಂದ ಫೋನ್ ಎತ್ತವಲ್ಲರೀ. ಏನರ ಮಾಡ್ರಿ."

"ಎಲ್ಲಿ ಇದಾನ ಚಾಚಾ?"

"ಸೌದ್ಯಾಗ ಅದಾನ್ರಿ."

"ಯಾವ ಊರು?"

"ಹೇಳ್ತಿದ್ದ. ನಾಲಿಗಿ ತುದಿಯಾಗ ಐತಿ, ಬರವಲ್ದು."

ಕಂಪನಿಯ ಹೆಸರು ಕೇಳಿದೆವು, ಗೊತ್ತಿರಲಿಲ್ಲ. ಪಾಸ್‌ಪೋರ್ಟಿನ ಝೆರಾಕ್ಸ್ ಕೇಳಿದೆವು, ಮನೆಯಲ್ಲಿರಲಿಲ್ಲ. ಇಕಾಮಾ ಎಂಬ ಪದವನ್ನು ಅವರು ಕೇಳಿದ್ದರು, ಅದರ ಸಂಖ್ಯೆ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಮಗ ತಿಂಗಳಿಗೊಮ್ಮೆ ಹಣ ಕಳಿಸುತ್ತಿದ್ದ, ವಾರಕ್ಕೆರಡು ಸಲ ವಾಟ್ಸಾಪಿನಲ್ಲಿ ಮುಖ ತೋರಿಸುತ್ತಿದ್ದ. ಆ ಫೋನ್ ನಂಬರ್ ಬಿಟ್ಟರೆ ಮನೆಯವರ ಬಳಿ ಬೇರೇನೂ ಇರಲಿಲ್ಲ. ಅದು ಸುಮ್ಮನಾದ ದಿನ ಮಗನೇ ಇಲ್ಲವಾದಂತಾಯಿತು.

ಕೊನೆಗೆ ಪಾಸ್‌ಪೋರ್ಟ್ ಅರ್ಜಿ ತುಂಬಿಕೊಟ್ಟಿದ್ದ ಮಾನ್ವಿಯ ಅಂಗಡಿಯೊಂದರಲ್ಲಿ ಹಳೆಯ ಪ್ರತಿ ಸಿಕ್ಕಿತು. ಆ ಸಂಖ್ಯೆ ಹಿಡಿದು ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲಿನಲ್ಲಿ ದೂರು ದಾಖಲಿಸಿದೆವು. ಎಂಟನೆಯ ದಿನ ಸುದ್ದಿ ಬಂತು. ರಸ್ತೆ ಅಪಘಾತದಲ್ಲಿ ಕಾಲು ಮುರಿದು ಹುಡುಗ ಆಸ್ಪತ್ರೆಯಲ್ಲಿದ್ದ, ಫೋನ್ ಅಲ್ಲೇ ರಸ್ತೆಯಲ್ಲಿ ಕಳೆದಿತ್ತು. ಅಲ್‌ಹಮ್ದುಲಿಲ್ಲಾಹ್, ಜೀವಕ್ಕೆ ಅಪಾಯವಿರಲಿಲ್ಲ. ಆದರೆ ಇಪ್ಪತ್ತು ದಿನ ಆ ತಾಯಿ ಅನ್ನ ಮುಟ್ಟಲಿಲ್ಲ. ಒಂದು ಝೆರಾಕ್ಸ್ ಹಾಳೆ ಮನೆಯ ಪೆಟ್ಟಿಗೆಯಲ್ಲಿದ್ದಿದ್ದರೆ ಆ ಇಪ್ಪತ್ತು ದಿನಗಳಲ್ಲಿ ಬಹುಪಾಲು ಉಳಿಯುತ್ತಿತ್ತು.

ಈ ಲೇಖನ ಬರೆಯಲು ಆ ಘಟನೆಯೇ ಕಾರಣ. ರಾಯಚೂರು, ದೇವದುರ್ಗ, ಮಾನ್ವಿ ಭಾಗದಿಂದ ಹೈದರಾಬಾದ್ ಮಾರ್ಗವಾಗಿ ಗಲ್ಫಿಗೆ ಹೋಗುವ ಮಕ್ಕಳು ಕಡಿಮೆಯೇನಲ್ಲ. ಕಾಲುವೆಯ ನೀರು ಕೊನೆಯ ಹೊಲದವರೆಗೆ ಬಾರದ ವರ್ಷ ಆ ಸಂಖ್ಯೆ ಇನ್ನೂ ಏರುತ್ತದೆ. ಅವರನ್ನು ವಿಮಾನ ಹತ್ತಿಸುವಾಗ ದುಆ ಮಾಡುತ್ತೇವೆ, ಉಪ್ಪಿನಕಾಯಿ ಕಟ್ಟಿಕೊಡುತ್ತೇವೆ. ಕಾಗದದ ವಿಚಾರವನ್ನು ಮಾತ್ರ ಮರೆಯುತ್ತೇವೆ.

ರಾಯಭಾರ ಕಚೇರಿ ಯಾರದು?

ಗಲ್ಫ್ ದೇಶಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಅವರಿಗಾಗಿ ಪ್ರತಿಯೊಂದು ದೇಶದಲ್ಲೂ ಭಾರತ ಸರ್ಕಾರದ ಕಚೇರಿ ಇದೆ. ಸೌದಿಯಲ್ಲಿ ರಿಯಾದ್‌ನಲ್ಲಿ ರಾಯಭಾರ ಕಚೇರಿ, ಜಿದ್ದಾದಲ್ಲಿ ಕಾನ್ಸುಲೇಟ್. ಮಕ್ಕಾ, ಮದೀನಾ ಸೇರಿದ ಪಶ್ಚಿಮ ಭಾಗದವರು ಜಿದ್ದಾ ಕಾನ್ಸುಲೇಟಿಗೆ ಸೇರುತ್ತಾರೆ. ನಮ್ಮ ಹಜ್ ಯಾತ್ರಿಕರ ವ್ಯವಸ್ಥೆಯನ್ನೂ ಅದೇ ಕಚೇರಿ ನೋಡಿಕೊಳ್ಳುತ್ತದೆ. ಯುಎಇಯಲ್ಲಿ ಅಬುಧಾಬಿಯಲ್ಲಿ ರಾಯಭಾರ ಕಚೇರಿ, ದುಬೈಯಲ್ಲಿ ಕಾನ್ಸುಲೇಟ್ ಇದೆ. ದುಬೈ, ಶಾರ್ಜಾ, ಅಜ್ಮಾನ್ ಮತ್ತಿತರ ಉತ್ತರದ ಎಮಿರೇಟುಗಳವರಿಗೆ ದುಬೈ ಕಾನ್ಸುಲೇಟೇ ಹತ್ತಿರ. ಕುವೈತ್, ದೋಹಾ, ಮಸ್ಕತ್, ಮನಾಮಾಗಳಲ್ಲಿಯೂ ರಾಯಭಾರ ಕಚೇರಿಗಳಿವೆ.

ಇವು ದೊಡ್ಡವರು ದೊಡ್ಡವರೊಡನೆ ಮಾತಾಡುವ ಜಾಗ, ಕೂಲಿಯವನಿಗೆ ಅಲ್ಲೇನು ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಅದು ತಪ್ಪು. ಪಾಸ್‌ಪೋರ್ಟ್ ನವೀಕರಣ, ಕಳೆದುಹೋದ ಪಾಸ್‌ಪೋರ್ಟಿಗೆ ಬದಲಿ, ತುರ್ತಾಗಿ ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್, ಅಧಿಕಾರ ಪತ್ರಕ್ಕೆ ದೃಢೀಕರಣ, ಹುಟ್ಟು ಸಾವಿನ ನೋಂದಣಿ, ಜೈಲಿನಲ್ಲಿರುವವರ ಭೇಟಿ, ಸಂಬಳ ಸಿಗದವನ ದೂರನ್ನು ಮಾಲೀಕರ ಮತ್ತು ಅಲ್ಲಿನ ಕಾರ್ಮಿಕ ಇಲಾಖೆಯ ಮುಂದಿಡುವುದು ಇವೆಲ್ಲ ಆ ಕಚೇರಿಯ ದಿನನಿತ್ಯದ ಕೆಲಸ. ಇದನ್ನೇ ಕಾನ್ಸುಲರ್ ಸೇವೆ ಎನ್ನುತ್ತಾರೆ.

ಇನ್ನೊಂದು ವಿಷಯ ತಿಳಿದಿರಲಿ. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬ ನಿಧಿ ಪ್ರತಿ ರಾಯಭಾರ ಕಚೇರಿಯಲ್ಲಿದೆ. ಕಷ್ಟಕ್ಕೆ ಸಿಕ್ಕಿದ ಬಡ ಕಾರ್ಮಿಕನಿಗೆ ತಾತ್ಕಾಲಿಕ ವಸತಿ, ತುರ್ತು ಚಿಕಿತ್ಸೆ, ಕಾನೂನು ನೆರವು, ವಿಮಾನದ ಟಿಕೆಟ್, ಮಯ್ಯಿತ್ತನ್ನು ಊರಿಗೆ ಕಳಿಸುವ ವೆಚ್ಚವನ್ನು ಅರ್ಹತೆ ನೋಡಿ ಇದರಿಂದ ಕೊಡುತ್ತಾರೆ. ಈ ಹಣ ಎಲ್ಲಿಂದ ಬರುತ್ತದೆ? ಪಾಸ್‌ಪೋರ್ಟ್ ಮೊದಲಾದ ಸೇವೆಗಳಿಗೆ ನಮ್ಮ ಮಕ್ಕಳು ಕಟ್ಟುವ ಶುಲ್ಕದ ಜೊತೆ ಸಣ್ಣ ಮೊತ್ತವೊಂದು ಈ ನಿಧಿಗೆ ಸೇರುತ್ತದೆ. ಆದ್ದರಿಂದ ಅಲ್ಲಿ ಹೋಗಿ ಕೇಳುವುದು ಭಿಕ್ಷೆಯಲ್ಲ, ಅದರಲ್ಲಿ ಅವನ ಬೆವರಿನ ಪಾಲೂ ಇದೆ.

ಹೆಸರು ನೋಂದಾಯಿಸುವುದು ಏಕೆ?

ಇಷ್ಟೆಲ್ಲ ಸೇವೆ ಇದ್ದರೂ ಕಚೇರಿಗೆ ಗೊತ್ತಿಲ್ಲದವನನ್ನು ಕಚೇರಿ ಹುಡುಕುವುದು ಹೇಗೆ? ಒಂದು ದೇಶದಲ್ಲಿ ಲಕ್ಷಾಂತರ ಭಾರತೀಯರಿರುವಾಗ ಯಾವ ಕ್ಯಾಂಪಿನ ಯಾವ ಕೋಣೆಯಲ್ಲಿ ಬಾಗಲವಾಡದ ಹುಡುಗನಿದ್ದಾನೆಂದು ಅವರಿಗೆ ತಿಳಿಯುವುದಿಲ್ಲ. ಅದಕ್ಕಾಗಿಯೇ ನೋಂದಣಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಅಲ್ಲಿನ ವಿಳಾಸ, ಕೆಲಸ ಕೊಟ್ಟವರ ಹೆಸರು, ಅಲ್ಲಿನ ಫೋನ್, ಊರಿನಲ್ಲಿ ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ರಾಯಭಾರ ಕಚೇರಿಯ ಜಾಲತಾಣದಲ್ಲಿ ತುಂಬಬೇಕು. ಹೊರದೇಶದ ಭಾರತೀಯರಿಗಾಗಿ 2020ರ ಡಿಸೆಂಬರಿನಲ್ಲಿ 'ಗ್ಲೋಬಲ್ ಪ್ರವಾಸಿ ರಿಶ್ತಾ' ಎಂಬ ಪೋರ್ಟಲನ್ನೂ ಸರ್ಕಾರ ತೆರೆದಿದೆ. ನೋಂದಣಿ ಕಡ್ಡಾಯವಲ್ಲ. ಅದಕ್ಕೇ ನಮ್ಮವರು ಬಿಟ್ಟುಬಿಡುತ್ತಾರೆ.

ಬಿಟ್ಟರೆ ಏನಾಗುತ್ತದೆಂದು ಕೋವಿಡ್ ಕಾಲದಲ್ಲಿ ಕಂಡೆವು. 2020ರ ಮೇ 7ರಂದು ವಂದೇ ಭಾರತ್ ಮಿಷನ್ ಆರಂಭವಾಯಿತು. ವಿಮಾನದಲ್ಲಿ ಸೀಟು ಸಿಕ್ಕಿದ್ದು ರಾಯಭಾರ ಕಚೇರಿಗಳಲ್ಲಿ ಹೆಸರು ಬರೆಸಿದವರ ಪಟ್ಟಿಯಿಂದ. ಗರ್ಭಿಣಿಯರು, ರೋಗಿಗಳು, ವೃದ್ಧರು, ಕೆಲಸ ಕಳೆದುಕೊಂಡವರು ಎಂದು ಆ ಪಟ್ಟಿಯಿಂದಲೇ ಆರಿಸಿದರು. ಯುಎಇಯಲ್ಲಿ ಕೆಲವೇ ದಿನಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂದಾಗ ಅದರಲ್ಲಿದ್ದವರು ಹೆಸರು ಬರೆಸಿದ್ದವರು. ಫಾರ್ಮ್ ತುಂಬಲು ಬಾರದ ಕೂಲಿಕಾರನು ಯಾರಾದರೂ ತುಂಬಿಕೊಡಲಿ ಎಂದು ಕಾಯುತ್ತ ಕುಳಿತ.

2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಗಿಡಮೂಲಿಕೆಯ ಔಷಧಿ ಮಾರಲು ಹೋದ ಬಡವರು. ಅನ್ನ ನೀರಿಲ್ಲದೆ ಕೋಣೆಯೊಳಗೆ ಕುಳಿತು ಫೋನಿನಲ್ಲಿ ಊರಿಗೆ ವಿಡಿಯೋ ಕಳಿಸಿದರು. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ಎಂಬ ಹೆಸರಿನಲ್ಲಿ ಪೋರ್ಟ್ ಸುಡಾನಿನಿಂದ ನೌಕಾಪಡೆಯ ಹಡಗು ಮತ್ತು ವಾಯುಪಡೆಯ ವಿಮಾನಗಳ ಮೂಲಕ ಜಿದ್ದಾಕ್ಕೆ, ಅಲ್ಲಿಂದ ಊರಿಗೆ ಜನರನ್ನು ಕರೆತಂದಿತು. ಒಟ್ಟು 3,862 ಮಂದಿ ಮರಳಿದರು. ಅಂಥ ಗಳಿಗೆಯಲ್ಲಿ ಕಚೇರಿಯ ಮೊದಲ ಪ್ರಶ್ನೆ ಒಂದೇ: ನಮ್ಮವರು ಎಲ್ಲೆಲ್ಲಿ, ಎಷ್ಟು ಜನ ಇದ್ದಾರೆ? ಗುಂಡು ಹಾರಲು ಶುರುವಾದ ಮೇಲೆ ಉತ್ತರ ಕೊಡುವುದು ಕಷ್ಟ. ಶಾಂತಿಯಿರುವಾಗಲೇ ಕೊಟ್ಟಿಡಬೇಕು.

ನೋಂದಾಯಿಸಿದರೆ ಅಲ್ಲಿನ ಪೊಲೀಸರಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆಯೂ ಕೆಲವರಲ್ಲಿದೆ, ಅದರಲ್ಲೂ ವೀಸಾ ಮುಗಿದವರಲ್ಲಿ. ರಾಯಭಾರ ಕಚೇರಿ ನಮ್ಮ ದೇಶದ ಕಚೇರಿ, ಅಲ್ಲಿನ ಪೊಲೀಸ್ ಠಾಣೆಯ ಭಾಗವಲ್ಲ. ಕಾಗದ ಕೆಟ್ಟವನಿಗೇ ಅದರ ಅಗತ್ಯ ಹೆಚ್ಚು. ಕ್ಷಮಾದಾನದ ಅವಧಿ ಬಂದಾಗ ಮರಳಲು ಬೇಕಾದ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುವುದು ಅದೇ ಕಚೇರಿ.

ಹೊರಡುವ ಮೊದಲು

ಕಾನ್ಸುಲರ್ ನೆರವಿನ ಬುನಾದಿ ಇಲ್ಲಿಯೇ, ನಮ್ಮ ಮನೆಯಲ್ಲೇ ಬೀಳುತ್ತದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ವರ್ಗದ್ದಾಗಿರುತ್ತದೆ. ಅಂಥವರು ಗಲ್ಫ್ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಬೇಕು. ಅದನ್ನು 'ಇ-ಮೈಗ್ರೇಟ್' ಪೋರ್ಟಲಿನ ಮೂಲಕ ಪಡೆಯಬೇಕು. ಕೆಲಸದ ಕರಾರು, ಸಂಬಳ, ಕಂಪನಿಯ ಹೆಸರು ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ನಾಳೆ ತಕರಾರು ಬಂದರೆ ಕೈಯಲ್ಲಿ ಹಿಡಿಯಲು ಅದೊಂದು ಸಾಕ್ಷಿ.

ಕೆಲವು ಏಜೆಂಟರು ಈ ದಾರಿ ತಪ್ಪಿಸುತ್ತಾರೆ. "ವಿಸಿಟ್ ವೀಸಾದಲ್ಲಿ ಹೋಗಿಬಿಡು, ಅಲ್ಲಿ ಹೋದ ಮೇಲೆ ಬದಲಾಯಿಸೋಣ" ಎನ್ನುತ್ತಾರೆ. ವಿಸಿಟ್ ವೀಸಾಕ್ಕೆ ಆ ಅನುಮತಿ ಬೇಡ, ಆದ್ದರಿಂದ ಏಜೆಂಟನಿಗೆ ಸುಲಭ. ಆದರೆ ಅಲ್ಲಿಗೆ ಇಳಿದ ಹುಡುಗ ಯಾವ ಕಂಪನಿಯ ಕೆಲಸಗಾರನೂ ಅಲ್ಲ, ಅವನ ಕರಾರು ಯಾವ ದಾಖಲೆಯಲ್ಲೂ ಇಲ್ಲ. ಸಂಬಳ ಕೊಡದಿದ್ದರೆ ಯಾರ ಮೇಲೆ ದೂರು ಕೊಡುವುದು? ವಿಸಿಟ್ ವೀಸಾದ ಮಾತು ಕೇಳಿದೊಡನೆ ಎದ್ದು ಬನ್ನಿ.

ಏಜೆಂಟನಿಗೆ ಪರವಾನಗಿ ಇದೆಯೇ ಎಂದು ಇ-ಮೈಗ್ರೇಟ್ ತಾಣದಲ್ಲಿಯೇ ನೋಡಬಹುದು. ಪರವಾನಗಿ ಇದ್ದವರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಲಕ್ಷ, ಒಂದೂವರೆ ಲಕ್ಷ ಕೇಳುವವನು ಎಷ್ಟೇ ಹತ್ತಿರದ ಸಂಬಂಧಿಯಾಗಿದ್ದರೂ ಕಾನೂನು ಮೀರುತ್ತಿದ್ದಾನೆ. ಹಣ ಕೊಟ್ಟರೆ ರಸೀದಿ ಪಡೆಯಿರಿ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಸೂರಃ ಅಲ್ ಬಕರಃದ 282ನೆಯ ಆಯತ್ ಕಲಿಸುತ್ತದೆ. ಕುರ್‌ಆನಿನಲ್ಲಿಯೇ ಅತಿ ದೀರ್ಘವಾದ ಆಯತ್ ಅದು. ನಂಬಿಕೆಯ ಹೆಸರಿನಲ್ಲಿ ಬರಹವನ್ನು ಬಿಡುವುದು ನಮ್ಮ ದೀನ್ ಕಲಿಸಿದ ರೀತಿಯಲ್ಲ.

ಮನೆಗೆಲಸಕ್ಕೆಂದು ಹೆಣ್ಣುಮಕ್ಕಳನ್ನು ಕಳಿಸುವವರು ಇನ್ನೂ ಎಚ್ಚರ ವಹಿಸಬೇಕು. ಇಸಿಆರ್ ಪಾಸ್‌ಪೋರ್ಟಿನ ಮಹಿಳೆಗೆ 30 ವರ್ಷ ತುಂಬಿರಬೇಕು. ಖಾಸಗಿ ಏಜೆಂಟನ ಮೂಲಕವಲ್ಲ, ಸರ್ಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು. ವಯಸ್ಸು ತಿದ್ದಿ, ವಿಸಿಟ್ ವೀಸಾದಲ್ಲಿ ಕಳಿಸಿದ ಹೆಣ್ಣುಮಗಳು ಯಾರ ಮನೆಯ ಯಾವ ಬಾಗಿಲ ಹಿಂದಿದ್ದಾಳೆಂದು ಕಚೇರಿಯ ದಾಖಲೆಯಲ್ಲಿಯೂ ಇರುವುದಿಲ್ಲ.

ಇಸಿಆರ್ ವರ್ಗದವರಿಗೆ 'ಪ್ರವಾಸಿ ಭಾರತೀಯ ಬಿಮಾ ಯೋಜನೆ' ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಪ್ರೀಮಿಯಂ, ಜೊತೆಗೆ ತೆರಿಗೆ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ ವಿಮೆ. ಆದರೆ ಪಾಲಿಸಿ ಇದೆಯೆಂದೇ ಮನೆಯವರಿಗೆ ತಿಳಿಯದಿದ್ದರೆ ಅದನ್ನು ಕೇಳುವವರು ಯಾರು? ಅದರ ಪ್ರತಿಯನ್ನು ಮನೆಯಲ್ಲಿಡಿ.

ಪೆಟ್ಟಿಗೆಯಲ್ಲಿ ಇರಬೇಕಾದ ಹಾಳೆಗಳು

ಮಗ ಹೊರಡುವ ಮುನ್ನಾದಿನ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇವನ್ನು ಹಾಕಿಡಿ: ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಪ್ರತಿ, ವೀಸಾ ಪ್ರತಿ, ಕೆಲಸದ ಕರಾರು, ಏಜೆಂಟನ ರಸೀದಿ, ವಿಮೆಯ ಪ್ರತಿ, ಟಿಕೆಟ್. ಅಲ್ಲಿ ತಲುಪಿ ಇಕಾಮಾ ಅಥವಾ ಗುರುತಿನ ಚೀಟಿ ಕೈಸೇರಿದ ದಿನವೇ ಅದರ ಫೋಟೋ ಕಳಿಸಲು ಹೇಳಿ. ಕಂಪನಿಯ ಹೆಸರು, ಕ್ಯಾಂಪಿನ ವಿಳಾಸ, ಜೊತೆಯಲ್ಲಿರುವ ಇಬ್ಬರ ಫೋನ್ ನಂಬರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊಬೈಲಿನಲ್ಲಿ ಮಾತ್ರ ಇದ್ದರೆ ಸಾಲದು, ಮೊಬೈಲು ನೀರಿಗೆ ಬಿದ್ದರೆ ಅದೂ ಹೋಯಿತು. ಕೆಲಸ ಅಥವಾ ಊರು ಬದಲಾದರೆ ಹೊಸದನ್ನು ಬರೆಯಿರಿ, ನೋಂದಣಿಯಲ್ಲಿಯೂ ಬದಲಾಯಿಸಲು ಹೇಳಿ.

ಪಾಸ್‌ಪೋರ್ಟನ್ನು ಮಾಲೀಕ ತೆಗೆದಿಟ್ಟುಕೊಂಡಿದ್ದಾನೆ ಎನ್ನುವವರು ಹಲವರು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಯಾವ ಮಾಲೀಕನದೂ ಅಲ್ಲ. ಅವನು ಕೊಡದಿದ್ದರೆ ರಾಯಭಾರ ಕಚೇರಿಗೆ ತಿಳಿಸಬಹುದು. ಆದರೆ ಸಂಖ್ಯೆಯೇ ಗೊತ್ತಿಲ್ಲದಿದ್ದರೆ ಅಲ್ಲಿಯೂ ಕೆಲಸ ನಿಧಾನ.

ಕಷ್ಟ ಬಂದಾಗ ಯಾರಿಗೆ ಹೇಳಬೇಕು?

2015ರ ಫೆಬ್ರವರಿಯಲ್ಲಿ ಆರಂಭವಾದ 'ಮದದ್' ಪೋರ್ಟಲಿನಲ್ಲಿ ಊರಿನಿಂದಲೇ ದೂರು ಕೊಡಬಹುದು. ಸಂಬಳ ಬಾಕಿ, ಮಾಲೀಕನ ಕಿರುಕುಳ, ಜೈಲು, ನಾಪತ್ತೆ, ಪರಿಹಾರದ ಹಣ, ಮಯ್ಯಿತ್ ತರುವುದು ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ವಿಭಾಗವಿದೆ. ದೂರಿನ ಸಂಖ್ಯೆ ಬರುತ್ತದೆ, ಅದರಿಂದ ದೂರು ಎಲ್ಲಿಗೆ ಬಂತೆಂದು ನೋಡುತ್ತಿರಬಹುದು. ಕಂಪ್ಯೂಟರ್ ಬಾರದವರು 1800 11 3090 ಎಂಬ ಉಚಿತ ಸಂಖ್ಯೆಗೆ ಊರಿನಿಂದಲೇ ಕರೆ ಮಾಡಬಹುದು. ಯುಎಇಯಲ್ಲಿ ಇರುವವರಿಗೆ ಅಲ್ಲಿಯೇ 800 46342 ಎಂಬ ಉಚಿತ ಸಂಖ್ಯೆ ಇದೆ. ದುಬೈ, ರಿಯಾದ್, ಜಿದ್ದಾಗಳಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಗಳೂ ಇವೆ.

ಬಂಧನವಾದರೆ ಒಂದು ಮಾತು ನೆನಪಿರಲಿ. 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯಂತೆ ಬಂಧಿತನಾದ ವಿದೇಶಿಗೆ ತನ್ನ ದೇಶದ ಕಚೇರಿಗೆ ತಿಳಿಸುವಂತೆ ಕೇಳುವ ಹಕ್ಕಿದೆ. ಅವನು ಕೇಳಿದರೆ ತಡಮಾಡದೆ ತಿಳಿಸಬೇಕು. ಇದೇ ವಿಧಿಯನ್ನು ಪಾಕಿಸ್ತಾನ ಪಾಲಿಸಲಿಲ್ಲವೆಂದು ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ತೀರ್ಪು ನೀಡಿತು. ಅಷ್ಟು ದೊಡ್ಡ ಪ್ರಕರಣಕ್ಕೆ ಅನ್ವಯಿಸಿದ ಹಕ್ಕು ನಮ್ಮ ಡ್ರೈವರ್ ಹುಡುಗನಿಗೂ ಇದೆ. "ಭಾರತದ ರಾಯಭಾರ ಕಚೇರಿಗೆ ತಿಳಿಸಿ" ಎಂಬ ಮಾತನ್ನು ಅವನು ಬಾಯಿಬಿಟ್ಟು ಹೇಳಬೇಕು. ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕಬಾರದು.

ಕಚೇರಿ ಮಾಡಲಾಗದ್ದೂ ಇದೆ. ಆ ದೇಶದ ಕಾನೂನನ್ನು ಅದು ಮೀರಲಾರದು, ನ್ಯಾಯಾಲಯದ ಶಿಕ್ಷೆಯನ್ನು ತಾನೇ ರದ್ದು ಮಾಡಲಾರದು, ಬ್ಯಾಂಕ್ ಸಾಲ ತೀರಿಸಲಾರದು, ಬೇರೆ ಕೆಲಸ ಕೊಡಿಸಲಾರದು. ಇದನ್ನು ಮೊದಲೇ ತಿಳಿದರೆ ಸುಳ್ಳು ಭರವಸೆ ಕೊಟ್ಟು ಹಣ ಕೀಳುವ ದಲ್ಲಾಳಿಗಳಿಂದ ಉಳಿಯುತ್ತೇವೆ.

ಮರಣ ಬಂದಾಗ

ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಲೇಬೇಕು. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ತೀರಿಕೊಂಡರು. ಅವರಲ್ಲಿ ಒಬ್ಬರು ಕಲಬುರಗಿ ಜಿಲ್ಲೆಯವರು. ಸುಟ್ಟ ದೇಹಗಳನ್ನು ಗುರುತಿಸಲು ಡಿಎನ್‌ಎ ಪರೀಕ್ಷೆ ಮಾಡಬೇಕಾಯಿತು. ಜೂನ್ 14ರಂದು ವಾಯುಪಡೆಯ ವಿಮಾನ ಅವರನ್ನು ಕೊಚ್ಚಿಗೆ ತಂದಿತು.

ಪರದೇಶದಲ್ಲಿ ಮರಣವಾದರೆ ಆಸ್ಪತ್ರೆಯ ವರದಿ, ಪೊಲೀಸರ ಕಾಗದ, ಪಾಸ್‌ಪೋರ್ಟ್, ಜೊತೆಗೆ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಅಲ್ಲಿಯೇ ದಫನ್ ಮಾಡಬೇಕೋ, ಊರಿಗೆ ತರಬೇಕೋ ಎಂಬುದನ್ನು ಮನೆಯವರು ಬರೆದುಕೊಡಬೇಕು. ಇವು ಸೇರಿದ ಮೇಲೆಯೇ ರಾಯಭಾರ ಕಚೇರಿ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ದಫನನ್ನು ತಡಮಾಡಬಾರದೆಂಬುದು ನಮಗೆಲ್ಲ ಗೊತ್ತು. ಆದರೆ ಅಣ್ಣನ ಮಾತು ಒಂದು, ಮಾವನ ಮಾತು ಇನ್ನೊಂದು ಎಂದಾದರೆ ಶವಾಗಾರದಲ್ಲಿ ವಾರಗಳೇ ಕಳೆಯುತ್ತವೆ. ಹೆಂಡತಿ ಮತ್ತು ತಂದೆತಾಯಿ ಕುಳಿತು ಒಂದು ನಿರ್ಧಾರಕ್ಕೆ ಬಂದು, ನೋಟರಿ ಮುಂದೆ ಅಧಿಕಾರ ಪತ್ರ ಮಾಡಿಸಿ, ಅಲ್ಲಿರುವ ನಂಬಿಕಸ್ಥ ಒಬ್ಬರ ಹೆಸರಿಗೆ ಕಳಿಸಬೇಕು. ಆ ಒಬ್ಬರು ಯಾರೆಂದು ಜೀವಂತವಿರುವಾಗಲೇ ಮಗನನ್ನು ಕೇಳಿಟ್ಟುಕೊಳ್ಳುವುದರಲ್ಲಿ ಅಪಶಕುನವೇನೂ ಇಲ್ಲ. ವಸಿಯ್ಯತ್ ಬರೆದಿಡುವುದು ನಮ್ಮಲ್ಲಿ ಸುನ್ನತ್ ಅಲ್ಲವೇ?

ಬಾಕಿ ಸಂಬಳ, ಸೇವಾ ಅವಧಿಯ ಹಣ, ಪರಿಹಾರ ಇದ್ದರೆ ಅದು ಮರ್ಹೂಮರ ವಾರಸುದಾರರ ಹಕ್ಕು, ಅಮಾನತ್. ಅದನ್ನು ಪಡೆಯಲು ವಾರಸುದಾರರು ಯಾರೆಂಬ ದಾಖಲೆ ಬೇಕು. ನಾಡ ಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ ಮಾಡಿಸಿ. ಅದರಲ್ಲಿ ವಿಧವೆಯ ಮತ್ತು ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ.

ಮಕ್ಕಳು ಮತ್ತು ಮತ

ಹೆಂಡತಿಯನ್ನು ಕರೆದೊಯ್ದು ಅಲ್ಲಿಯೇ ಇರುವವರಿಗೆ ಒಂದು ಸೂಚನೆ. ಹೊರದೇಶದಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಾಯಿಸಬೇಕು. 1955ರ ಪೌರತ್ವ ಕಾಯ್ದೆಯ 4ನೆಯ ಕಲಂ ಹಾಗೆ ಹೇಳುತ್ತದೆ. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಆಸ್ಪತ್ರೆ ಕೊಟ್ಟ ಚೀಟಿಯನ್ನೇ ಸಾಕೆಂದು ಇಟ್ಟುಕೊಂಡವರು ಮಗುವಿನ ಪೌರತ್ವವನ್ನೇ ತೊಂದರೆಗೆ ಸಿಕ್ಕಿಸುತ್ತಾರೆ.

ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಲು ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳಿಗೆ 2011ರಿಂದ ಅವಕಾಶವಿದೆ. ಬೇರೆ ದೇಶದ ಪೌರತ್ವ ಪಡೆಯದವರು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸಕ್ಕೆ ಹೆಸರು ಸೇರಿಸಬಹುದು. ಮತ ಹಾಕಲು ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದು ಊರಿಗೇ ಬರಬೇಕು.

ನಮ್ಮ ಮಸೀದಿಗಳು ಏನು ಮಾಡಬಹುದು?

ಪ್ರತಿ ಜಮಾಅತಿನಲ್ಲಿ ಓದು ಬರಹ ಬಲ್ಲ ಇಬ್ಬರು ಯುವಕರು ತಿಂಗಳಿಗೊಂದು ಜುಮಾದ ಬಳಿಕ ಅರ್ಧ ತಾಸು ಕುಳಿತರೆ ಸಾಕು. ಯಾರ ಮನೆಯವರು ಹೊರಗಿದ್ದಾರೆ, ಅವರ ಕಾಗದದ ಪ್ರತಿ ಮನೆಯಲ್ಲಿದೆಯೇ, ರಾಯಭಾರ ಕಚೇರಿಯಲ್ಲಿ ಹೆಸರಿದೆಯೇ ಎಂದು ಕೇಳಲಿ. ಇಲ್ಲದಿದ್ದರೆ ಅಲ್ಲಿಯೇ ಫೋನ್ ಹಚ್ಚಿ ಮಗನಿಂದ ಫೋಟೋ ತರಿಸಿಕೊಂಡು, ಪ್ರಿಂಟ್ ತೆಗೆದು ತಂದೆಯ ಕೈಗೆ ಕೊಡಲಿ. ಆ ಕಾಗದಗಳನ್ನು ಮಸೀದಿಯಲ್ಲಿ ಇಟ್ಟುಕೊಳ್ಳಬಾರದು, ಅವು ಅವರವರ ಮನೆಯಲ್ಲೇ ಇರಬೇಕು.

ಆ ಹಿರಿಯರು ಈಚೆಗೆ ಮತ್ತೆ ಸಿಕ್ಕಿದ್ದರು. ಮಗ ಈಗ ಊರುಗೋಲಿಲ್ಲದೆ ನಡೆಯುತ್ತಿದ್ದಾನಂತೆ. ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ತೆಗೆದು ತೋರಿಸಿದರು. ಪಾಸ್‌ಪೋರ್ಟಿನ ಪ್ರತಿ, ಹಿಂಬದಿಯಲ್ಲಿ ಮೊಮ್ಮಗಳ ಅಕ್ಷರದಲ್ಲಿ ಕಂಪನಿಯ ಹೆಸರು, ಊರಿನ ಹೆಸರು, ಇಬ್ಬರ ನಂಬರು. "ಈಗ ಊರ ಹೆಸರು ಮರೆಯಾದಿಲ್ಲರೀ" ಎಂದರು.

ನಿಮ್ಮ ಮನೆಯಲ್ಲಿಯೂ ಆ ಹಾಳೆ ಇದೆಯೇ ಎಂದು ಇಂದೇ ಪೆಟ್ಟಿಗೆ ತೆರೆದು ನೋಡಿ. ಹೊರಗಿರುವ ನಮ್ಮೆಲ್ಲ ಮಕ್ಕಳನ್ನು ಅಲ್ಲಾಹನು ಕ್ಷೇಮವಾಗಿಡಲಿ, ಆಮೀನ್.